ಜಾಲವು ತನ್ನನ್ನು ತಾನೇ ನೋಡಿಕೊಂಡರೆ ದೂರು ಯಾರ ಮುಂದೆ?

ಜೂನ್ ತಿಂಗಳು ಬಂದಿತೆಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಮೀ ಸೇವಾ ಕೇಂದ್ರಗಳ ಮುಂದೆ ಪಾಲಕರ ಸಾಲು ನಿಲ್ಲುತ್ತದೆ. ಮಗುವಿಗೆ ಜಾತಿ ಪ್ರಮಾಣಪತ್ರ ಬೇಕು, ಆದಾಯ ಪ್ರಮಾಣಪತ್ರ ಬೇಕು, ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕು. ಅರ್ಧ ದಿನದ ಕೂಲಿ ಬಿಟ್ಟು ಬಂದವರಿಗೆ ಕೌಂಟರಿನ ಒಳಗಿನಿಂದ ದೊರೆಯುವ ಉತ್ತರ ಬಹುತೇಕ ಒಂದೇ: ‘ಸರ್ವರ್ ಡೌನ್.’ ಈ ಎರಡು ಪದಗಳು ಇಂದು ನಮ್ಮ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಭಾಷೆಗಳ ಸೊತ್ತಾಗಿವೆ. ಕೇಳಿದವನು ಮರುಪ್ರಶ್ನೆ ಮಾಡದೆ ಮನೆಗೆ ಹಿಂದಿರುಗುತ್ತಾನೆ. ಸಿಡಿಲು ಬಡಿಯಿತೆಂದರೆ ಯಾರನ್ನು ಪ್ರಶ್ನಿಸುವುದು ಎಂಬಂತಹ ಮನೋಭಾವ ಅದು.

ಆದರೆ ಸರ್ವರ್ ಎಂಬುದು ಸಿಡಿಲಲ್ಲ. ಅದು ಎಲ್ಲಿಯೋ ಒಂದು ಕಟ್ಟಡದಲ್ಲಿರುವ ಗಣಕಯಂತ್ರ. ‘ಡೌನ್’ ಎಂದಾಗ ನಿಜವಾಗಿ ಆ ಯಂತ್ರವೇ ನಿಂತಿರುವುದು ಒಂದು ಸಂಭವ ಮಾತ್ರ. ರಸ್ತೆ ಅಗಲೀಕರಣದ ಜೆಸಿಬಿ ನೆಲದೊಳಗಿನ ಕೇಬಲನ್ನು ಕತ್ತರಿಸಿರಬಹುದು. ಇಡೀ ರಾಜ್ಯದ ಪಾಲಕರು ಒಂದೇ ವಾರದಲ್ಲಿ ಅರ್ಜಿ ಹಾಕುತ್ತಿರುವುದರಿಂದ ದಾರಿಯಲ್ಲಿ ನೂಕುನುಗ್ಗಲಾಗಿರಬಹುದು. ಅಥವಾ ಎಲ್ಲವೂ ಸರಿಯಿದ್ದು, ತಮ್ಮ ಅರ್ಜಿಯನ್ನಷ್ಟೇ ಯಂತ್ರವು ಯಾವುದೋ ನಿಯಮದ ಪ್ರಕಾರ ತಡೆಹಿಡಿದಿರಬಹುದು. ಹೊರಗೆ ನಿಂತವನಿಗೆ ಇವೆಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ. ಒಳಗೆ ಇವು ಬೇರೆ ಬೇರೆ ರೋಗಗಳು, ಇವುಗಳ ಔಷಧಿಯೂ ಬೇರೆ, ಹೊಣೆಗಾರರೂ ಬೇರೆ. ಇತ್ತೀಚಿನ ವರ್ಷಗಳಲ್ಲಿ ಈ ರೋಗಗಳನ್ನು ಕಂಡುಹಿಡಿಯುವ ಮತ್ತು ವಾಸಿಮಾಡುವ ಕೆಲಸ ಮನುಷ್ಯರ ಕೈಯಿಂದ ಯಂತ್ರಗಳ ಕೈಗೆ ಸರಿಯುತ್ತಿದೆ. ಜಾಲವು ತನ್ನನ್ನು ತಾನೇ ನೋಡಿಕೊಳ್ಳುವ ಕಾಲ ಬರುತ್ತಿದೆ ಎನ್ನುತ್ತಾರೆ. ಅದು ನಮ್ಮ ಮನೆಬಾಗಿಲಿಗೇ ಬರುತ್ತಿರುವುದರಿಂದ ಈ ವಾರ ಆ ವಿಷಯವನ್ನು ಎತ್ತಿಕೊಂಡಿದ್ದೇನೆ.

ಮನೆಬಾಗಿಲು ಎಂದದ್ದು ಅಲಂಕಾರದ ಮಾತಲ್ಲ. 2024ರ ಡಿಸೆಂಬರ್‌ನಲ್ಲಿ ತೆಲಂಗಾಣ ಸರಕಾರ ಟಿ-ಫೈಬರ್ ಯೋಜನೆಯಡಿ ಮನೆಮನೆಗೆ ಅಂತರ್ಜಾಲ ಕೊಡುವ ಪ್ರಯೋಗಕ್ಕೆ ಆರಿಸಿಕೊಂಡ ಕೆಲವೇ ಊರುಗಳಲ್ಲಿ ನಮ್ಮ ನಾರಾಯಣಪೇಟೆ ಜಿಲ್ಲೆಯ ಮದ್ದೂರು ಒಂದು. ಮಿಷನ್ ಭಗೀರಥದ ಕುಡಿಯುವ ನೀರಿನ ಕೊಳವೆಗಾಗಿ ತೋಡಿದ ಕಾಲುವೆಯಲ್ಲಿಯೇ ಈ ಗಾಜಿನ ಎಳೆಯನ್ನೂ ಹಾಯಿಸುವುದು ಯೋಜನೆಯ ಮೂಲ ವಿಚಾರವಾಗಿತ್ತು. ಒಂದೇ ಅಗೆತದಲ್ಲಿ ನೀರೂ ಮಾಹಿತಿಯೂ ಹಳ್ಳಿಗೆ ಬರುವುದು ಜಾಣತನದ ಏರ್ಪಾಡೆಂದೇ ನನ್ನ ಅಭಿಪ್ರಾಯ. ಮನೆಯ ಟಿ.ವಿ.ಯನ್ನೇ ಗಣಕಯಂತ್ರದಂತೆ ಬಳಸಿ ಮಕ್ಕಳು ಪಾಠ ನೋಡಬಹುದೆಂದೂ ಆಗ ತೋರಿಸಲಾಯಿತು. ಇಷ್ಟೆಲ್ಲ ಬಂದ ಮೇಲೆ ಕೇಳಬೇಕಾದ ಪ್ರಶ್ನೆ, ಇದನ್ನು ನೋಡಿಕೊಳ್ಳುವವರು ಯಾರು ಎಂಬುದು. ನೀರಿನ ಕೊಳವೆ ಒಡೆದರೆ ನೀರು ಹೊರಗೆ ಕಾಣುತ್ತದೆ. ಗಾಜಿನ ಎಳೆ ತುಂಡಾದರೆ ಏನೂ ಕಾಣುವುದಿಲ್ಲ.

ಕೇಂದ್ರ ಸರಕಾರದ ಭಾರತ್‌ನೆಟ್‌ನ ಅನುಭವ ಇಲ್ಲಿ ಪಾಠವಾಗಿದೆ. 2011ರ ಅಕ್ಟೋಬರ್‌ನಲ್ಲಿ ಬೇರೊಂದು ಹೆಸರಿನಿಂದ ಮಂಜೂರಾದ ಈ ಯೋಜನೆಯ ಗುರಿ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಕೇಬಲು ಮುಟ್ಟಿಸುವುದು. ಕೇಬಲು ಬಹಳಷ್ಟು ಕಡೆ ಮುಟ್ಟಿತು. ಆದರೆ ಅದನ್ನು ಎಳೆದ ರೀತಿ ಒಂದು ಮರದ ಕೊಂಬೆಯಂತೆ: ಮಂಡಲ ಕೇಂದ್ರದಿಂದ ಹೊರಟು ಒಂದೊಂದೇ ಪಂಚಾಯತಿಗೆ ಹೋಗಿ ಅಲ್ಲಿಗೇ ಮುಗಿಯುವ ಸರಳ ರೇಖೆ. ನಡುವೆ ಎಲ್ಲಿಯಾದರೂ ತುಂಡಾದರೆ ಅದರಿಂದ ಆಚೆಗಿನ ಊರುಗಳೆಲ್ಲ ಮೂಕವಾಗುತ್ತವೆ. 2023ರ ಆಗಸ್ಟ್‌ನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಗೆ ಒಪ್ಪಿಗೆ ದೊರೆತಾಗ, ಅದರಲ್ಲಿ ಮಾಡಿದ ಮುಖ್ಯ ಬದಲಾವಣೆ ರೇಖೆಯನ್ನು ಉಂಗುರವಾಗಿ ಬಾಗಿಸುವುದು.

ಉಂಗುರವೆಂದರೇನೆಂಬುದು ನಮ್ಮವರಿಗೆ ಸುಲಭವಾಗಿ ತಿಳಿಯುತ್ತದೆ. ಮಕ್ತಲದಿಂದ ರಾಯಚೂರಿಗೆ ಹೋಗುವವರು ಕೃಷ್ಣಾ ಊರನ್ನು ದಾಟಿ ದೇವಸೂಗೂರಿನ ಸೇತುವೆಯ ಮೇಲೆ ಹಾಯುತ್ತಾರೆ. ಆ ಸೇತುವೆ ದುರಸ್ತಿಗೆಂದು ಮುಚ್ಚಿದರೆ ರಾಯಚೂರು ಇಲ್ಲವಾಗುವುದಿಲ್ಲ. ಆತ್ಮಕೂರಿನ ಕಡೆಯಿಂದ ಜುರಾಲಾ ಅಣೆಕಟ್ಟೆ ದಾಟಿ, ಗದ್ವಾಲಕ್ಕೆ ಬಂದು, ಅಲ್ಲಿಂದ ರಾಯಚೂರಿಗೆ ಹೋಗಬಹುದು. ದೂರ ಹೆಚ್ಚು, ಆದರೆ ದಾರಿ ಉಂಟು. ಕೃಷ್ಣೆಯ ಎರಡೂ ದಡಗಳನ್ನು ಎರಡು ಕಡೆ ದಾಟಲು ಸಾಧ್ಯವಿರುವುದರಿಂದ ನಮ್ಮ ಸೀಮೆಯ ರಸ್ತೆಗಳೇ ಒಂದು ಉಂಗುರವಾಗಿವೆ. ಕೇಬಲಿನ ಉಂಗುರವೂ ಇಷ್ಟೇ. ವ್ಯತ್ಯಾಸವಿರುವುದು, ‘ಈ ಕಡೆ ಬೇಡ, ಆ ಕಡೆಯಿಂದ ಹೋಗು’ ಎಂದು ಹೇಳುವವರು ಯಾರು ಎಂಬುದರಲ್ಲಿ. ರಸ್ತೆಯಲ್ಲಿ ಒಬ್ಬ ಪೊಲೀಸ್ ಪೇದೆ ನಿಂತು ಹೇಳುತ್ತಾನೆ. ಜಾಲದಲ್ಲಿ ಪ್ರತಿಯೊಂದು ರೂಟರ್ ತನ್ನ ನೆರೆಯ ರೂಟರಿಗೆ ಕ್ಷಣಕ್ಷಣಕ್ಕೂ ‘ಇದ್ದೀಯಾ?’ ಎಂದು ಕೇಳುತ್ತಿರುತ್ತದೆ. ಕೆಲವು ಬಾರಿ ಉತ್ತರ ಬರದಿದ್ದರೆ ದಾರಿ ಕಡಿದಿದೆಯೆಂದು ತಾನೇ ತೀರ್ಮಾನಿಸಿ ಇನ್ನೊಂದು ದಿಕ್ಕಿಗೆ ಮಾಹಿತಿಯನ್ನು ತಿರುಗಿಸುತ್ತದೆ. ದೂರಸಂಪರ್ಕದವರ ಹಳೆಯ ಅಳತೆಗೋಲಿನ ಪ್ರಕಾರ ಈ ತಿರುವು 50 ಮಿಲಿಸೆಕೆಂಡುಗಳೊಳಗೆ, ಅಂದರೆ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಆಗಬೇಕು. ಯಾವ ಅಧಿಕಾರಿಗೂ ಕಡತ ಮಂಡಿಸುವಷ್ಟು ವೇಳೆಯಿಲ್ಲ. ಯಂತ್ರವು ತಾನೇ ನಿರ್ಧರಿಸದೆ ಗತ್ಯಂತರವಿಲ್ಲ.

ಯಂತ್ರವೊಂದು ತನ್ನ ಕೆಡುಕನ್ನು ತಾನೇ ತಿಳಿಯಬೇಕೆಂಬ ವಿಚಾರ ಗಣಕಯಂತ್ರಕ್ಕಿಂತ ಹಳೆಯದು. ಅದು ನೇಕಾರಿಕೆಯಲ್ಲಿಯೂ ಇತ್ತೆಂಬುದನ್ನು ನಾರಾಯಣಪೇಟೆ ಮತ್ತು ಗದ್ವಾಲದ ಓದುಗರು ಸಂತೋಷದಿಂದ ಕೇಳುವರೆಂದು ನಂಬಿದ್ದೇನೆ. ಕೈಮಗ್ಗದಲ್ಲಿ ಹಾಸಿನ ಒಂದು ಎಳೆ ಕಡಿದರೆ ನೇಕಾರನ ಬೆರಳಿಗೆ ಅದು ತಿಳಿಯುತ್ತದೆ, ಅವನು ಲಾಳಿಯನ್ನು ನಿಲ್ಲಿಸಿ ಎಳೆ ಕಟ್ಟುತ್ತಾನೆ. ಹತ್ತಿಯ ಮೈಗೆ ರೇಷ್ಮೆಯ ಅಂಚು ಕೂಡಿಸುವ ಗದ್ವಾಲದವರಿಗೆ ಈ ಎಚ್ಚರ ಎಷ್ಟು ಬೇಕೆಂದು ಬೇರೆ ಹೇಳಬೇಕಾಗಿಲ್ಲ. ಯಂತ್ರಮಗ್ಗ ಬಂದಾಗ ಈ ಬೆರಳು ಇಲ್ಲವಾಯಿತು. ಎಳೆ ಕಡಿದರೂ ಯಂತ್ರ ನೇಯುತ್ತಲೇ ಇರುತ್ತಿತ್ತು, ಗಜಗಟ್ಟಲೆ ಬಟ್ಟೆ ಕೆಡುತ್ತಿತ್ತು, ಅದನ್ನು ಕಾಯಲು ಮಗ್ಗಕ್ಕೊಬ್ಬ ಆಳು ಬೇಕಾಗುತ್ತಿತ್ತು. ಜಪಾನಿನ ಸಕಿಚಿ ಟೊಯೋಡಾ ಎಂಬಾತ 1924ರಲ್ಲಿ ಪೂರ್ಣಗೊಳಿಸಿದ ಮಗ್ಗವು ಹಾಸಿನ ಎಳೆ ಕಡಿದೊಡನೆ ತಾನಾಗಿ ನಿಲ್ಲುತ್ತಿತ್ತು, ಮುಗಿದ ಲಾಳಿಯನ್ನು ಓಟದಲ್ಲಿಯೇ ಬದಲಿಸಿಕೊಳ್ಳುತ್ತಿತ್ತು. ಒಬ್ಬನೇ ಕೆಲಸಗಾರ ಅನೇಕ ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಆತನ ಮನೆತನವೇ ಮುಂದೆ ಕಾರು ತಯಾರಿಸಿ ಲೋಕಪ್ರಸಿದ್ಧವಾದದ್ದು. ಆ ಮಗ್ಗವು ಎಳೆಯನ್ನು ತಾನೇ ಕಟ್ಟುತ್ತಿರಲಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಅದು ನಿಂತು ಮನುಷ್ಯನನ್ನು ಕರೆಯುತ್ತಿತ್ತು.

ಗಣಕಲೋಕದಲ್ಲಿ ಈ ವಿಚಾರಕ್ಕೆ ಹೆಸರು ಕೊಟ್ಟದ್ದು ಐಬಿಎಂ ಸಂಸ್ಥೆ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಪಾಲ್ ಹಾರ್ನ್ 2001ರಲ್ಲಿ ಒಂದು ಪ್ರಣಾಳಿಕೆಯನ್ನೇ ಹೊರಡಿಸಿದರು. ಗಣಕಜಾಲಗಳು ಎಷ್ಟು ಜಟಿಲವಾಗುತ್ತಿವೆಯೆಂದರೆ, ಅವನ್ನು ನೋಡಿಕೊಳ್ಳಲು ಬೇಕಾದಷ್ಟು ನುರಿತ ಜನ ಇನ್ನು ಮುಂದೆ ದೊರೆಯಲಾರರು ಎಂಬುದು ಅವರ ವಾದ. ಅದಕ್ಕೆ ಅವರು ಮನುಷ್ಯ ಶರೀರವನ್ನು ದೃಷ್ಟಾಂತವಾಗಿ ತೆಗೆದುಕೊಂಡರು. ನಾವು ನಿದ್ರಿಸುವಾಗಲೂ ಹೃದಯ ಬಡಿಯುತ್ತದೆ. ಬಿಸಿಲಿಗೆ ಹೋದರೆ ಬೆವರು ಬರುತ್ತದೆ, ಓಡಿದರೆ ಉಸಿರು ಹೆಚ್ಚುತ್ತದೆ. ಇದಕ್ಕೆಲ್ಲ ನಾವು ಆಜ್ಞೆ ಕೊಡುವುದಿಲ್ಲ, ದೇಹದ ಸ್ವಾಯತ್ತ ನರಮಂಡಲ ಅದನ್ನು ನಡೆಸುತ್ತದೆ. ಗಣಕಜಾಲವೂ ಹಾಗೆಯೇ ತನ್ನ ಹೊಂದಾಣಿಕೆ, ತನ್ನ ಚಿಕಿತ್ಸೆ, ತನ್ನ ಮಿತವ್ಯಯ, ತನ್ನ ರಕ್ಷಣೆ ಈ ನಾಲ್ಕನ್ನೂ ತಾನೇ ಮಾಡಿಕೊಳ್ಳಬೇಕು. 2003ರಲ್ಲಿ ಅದೇ ಸಂಸ್ಥೆಯ ಕೆಫಾರ್ಟ್ ಮತ್ತು ಚೆಸ್ ಬರೆದ ಲೇಖನವು ಇದರ ಕ್ರಮವನ್ನು ವಿವರಿಸಿತು: ಯಂತ್ರವು ಮೊದಲು ನೋಡುತ್ತದೆ, ಕಂಡದ್ದನ್ನು ವಿವೇಚಿಸುತ್ತದೆ, ಉಪಾಯ ಮಾಡುತ್ತದೆ, ಕಾರ್ಯಗತಗೊಳಿಸುತ್ತದೆ, ಮತ್ತೆ ನೋಡುತ್ತದೆ. ಮನುಷ್ಯನ ಪಾಲಿಗೆ ಉಳಿಯುವುದು ಗುರಿಯನ್ನು ಹೇಳುವ ಕೆಲಸ. ದಾರಿ ಯಂತ್ರದ್ದು.

ಈ ಬಯಕೆ ಬರಿಯ ಕನಸಲ್ಲವೆಂಬುದಕ್ಕೆ ಒಂದು ಹಳೆಯ ನಿದರ್ಶನವಿದೆ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೇವಲ ನಾನೂರು ಗಜ ಅಂತರದ ಎರಡು ಸಂಸ್ಥೆಗಳ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಕೇಬಲು ಎಲ್ಲಿಯೂ ತುಂಡಾಗಿರಲಿಲ್ಲ. ಕಳುಹಿಸಿದ್ದು ತಲುಪಲಿಲ್ಲವೆಂದು ಪ್ರತಿಯೊಂದು ಯಂತ್ರವೂ ಅದನ್ನೇ ಮತ್ತೆ ಮತ್ತೆ ಕಳುಹಿಸುತ್ತಿತ್ತು, ಆ ಮರುಕಳುಹಿಕೆಯಿಂದಲೇ ದಾರಿ ಕಟ್ಟಿಹೋಗಿತ್ತು. ವ್ಯಾನ್ ಜೇಕಬ್ಸನ್ ಎಂಬ ವಿಜ್ಞಾನಿ 1988ರಲ್ಲಿ ಪ್ರಕಟಿಸಿದ ಪರಿಹಾರ ಇದು: ತಲುಪಲಿಲ್ಲವೆಂದು ತಿಳಿದೊಡನೆ ಪ್ರತಿ ಯಂತ್ರವೂ ತನ್ನ ವೇಗವನ್ನು ತಾನೇ ಥಟ್ಟನೆ ತಗ್ಗಿಸಿಕೊಳ್ಳಬೇಕು, ದಾರಿ ತೆರವಾದಂತೆ ಮೆಲ್ಲಮೆಲ್ಲನೆ ಏರಿಸಿಕೊಳ್ಳಬೇಕು. ಮೇಲೆ ಯಾವ ಯಜಮಾನನೂ ಬೇಡ. ಜುರಾಲಾ ಕಾಲುವೆಯಲ್ಲಿ ಮೇಲಿನವರು ತೂಬನ್ನು ತಾವಾಗಿಯೇ ಅರ್ಧ ಇಳಿಸಿದರೆ ಕೊನೆಯ ಹೊಲಕ್ಕೂ ನೀರು ತಲುಪುವ ಹಾಗೆ. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ನಡೆಯುತ್ತದೆಂಬುದನ್ನು ಕಾಲುವೆಯ ವ್ಯಾಜ್ಯಗಳನ್ನು ನಡೆಸಿದ ಯಾವ ವಕೀಲನಾದರೂ ಹೇಳಬಲ್ಲ. ಯಂತ್ರಗಳಲ್ಲಿ ಮಾತ್ರ ನಡೆಯಿತು, ಮತ್ತು ಅದೇ ತತ್ತ್ವ ಇಂದಿಗೂ ತಮ್ಮ ಮೊಬೈಲಿನೊಳಗೆ ಕೆಲಸ ಮಾಡುತ್ತಿದೆ.

ಕೇಡಿನ ಕಥೆಯೂ ಅಷ್ಟೇ ಹಳೆಯದು. ಇಂದಿನ ಅಂತರ್ಜಾಲದ ತಾಯಿಯೆನಿಸಿದ ಅಮೆರಿಕದ ಆರ್ಪಾನೆಟ್ 1980ರ ಅಕ್ಟೋಬರ್ 27ರಂದು ಹಲವು ಗಂಟೆಗಳ ಕಾಲ ಸಂಪೂರ್ಣ ನಿಷ್ಕ್ರಿಯವಾಯಿತು. ಕಾರಣವನ್ನು ಓದಿದಾಗ ನನಗೆ ನಮ್ಮ ಕಂದಾಯ ಕಡತಗಳ ನೆನಪಾಯಿತು. ಆ ಜಾಲದ ಕೇಂದ್ರಗಳು ತಮ್ಮ ಸುತ್ತಲಿನ ದಾರಿಗಳ ಸ್ಥಿತಿಯನ್ನು ಸಂದೇಶವಾಗಿ ಬರೆದು ಎಲ್ಲರಿಗೂ ಹಂಚುತ್ತಿದ್ದವು. ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ, 0ರಿಂದ 63ರವರೆಗೆ. 63 ಮುಗಿದರೆ ಗಡಿಯಾರದ ಮುಳ್ಳಿನಂತೆ ಮತ್ತೆ 0. ಹೊಸ ಸಂಖ್ಯೆಯ ಸಂದೇಶ ಬಂದರೆ ಹಳೆಯದನ್ನು ಬಿಸಾಡಬೇಕು, ಹೊಸದನ್ನು ನೆರೆಯವರಿಗೆ ದಾಟಿಸಬೇಕು, ಇದೇ ನಿಯಮ. ಅಂದು ಯಂತ್ರಾಂಶದ ದೋಷದಿಂದ ಒಂದೇ ಸಂದೇಶದ ಸಂಖ್ಯೆ ಕೆಟ್ಟು, 8, 40, 44 ಎಂಬ ಮೂರು ಸಂಖ್ಯೆಗಳ ಮೂರು ಪ್ರತಿಗಳು ಹುಟ್ಟಿಕೊಂಡವು. ಗಡಿಯಾರದ ಲೆಕ್ಕದಲ್ಲಿ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, ಸುತ್ತಿ ಬಂದರೆ 44ಕ್ಕಿಂತ 8 ಹೊಸದು! ಒಂದು ಜಮೀನಿನ ಮೇಲೆ ಮೂರು ಆದೇಶಗಳಿದ್ದು, ಪ್ರತಿಯೊಂದೂ ‘ನಾನೇ ಕೊನೆಯದು, ಹಿಂದಿನದು ರದ್ದು’ ಎಂದು ಹೇಳಿದರೆ ತಹಶೀಲ್ದಾರರ ಗತಿಯೇನು? ಕೇಂದ್ರಗಳು ನಿಯಮಕ್ಕೆ ಒಂದಿಷ್ಟೂ ಚ್ಯುತಿ ಬಾರದಂತೆ ಈ ಮೂರನ್ನೂ ಒಂದಾದಮೇಲೊಂದು ಸ್ವೀಕರಿಸುತ್ತ, ಬಿಸಾಡುತ್ತ, ಹಂಚುತ್ತ ಹೋದವು. ಬೇರೆ ಯಾವ ಕೆಲಸಕ್ಕೂ ಬಿಡುವಿಲ್ಲವಾಯಿತು. ಒಂದು ಕೇಂದ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೂ ಪ್ರಯೋಜನವಾಗಲಿಲ್ಲ, ನೆರೆಯವು ಅದೇ ವಿಷವನ್ನು ಅದಕ್ಕೆ ಮತ್ತೆ ಕುಡಿಸುತ್ತಿದ್ದವು. ಕೊನೆಗೆ ಮನುಷ್ಯರು ಆ ಸಂದೇಶಗಳನ್ನು ನಿರ್ಲಕ್ಷಿಸುವಂತೆ ತಂತ್ರಾಂಶಕ್ಕೆ ತೇಪೆ ಹಾಕಿ ಎಲ್ಲ ಕೇಂದ್ರಗಳಿಗೂ ಹಂಚಬೇಕಾಯಿತು.

ನಲವತ್ತೊಂದು ವರ್ಷಗಳ ನಂತರದ ಘಟನೆ ತಮಗೂ ನೆನಪಿರಬಹುದು. 2021ರ ಅಕ್ಟೋಬರ್ 4ರ ಸೋಮವಾರ ರಾತ್ರಿ ಒಂಬತ್ತು ಗಂಟೆಯ ನಂತರ ವಾಟ್ಸ್ಆ್ಯಪ್ ನಿಂತುಹೋಯಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳೂ ನಿಂತವು. ಅನೇಕರು ತಮ್ಮ ರೀಚಾರ್ಜ್ ಮುಗಿದಿದೆಯೆಂದು ಭಾವಿಸಿ ಫೋನನ್ನು ಆರಿಸಿ ಹೊತ್ತಿಸಿದರು. ನಡೆದದ್ದನ್ನು ಆ ಸಂಸ್ಥೆಯೇ ಮುಂದೆ ವಿವರಿಸಿತು. ದೈನಂದಿನ ನಿರ್ವಹಣೆಯಲ್ಲಿ, ಜಾಲದ ಸಾಮರ್ಥ್ಯವನ್ನು ಅಳೆಯಲೆಂದು ಕೊಟ್ಟ ಒಂದು ಆಜ್ಞೆಯು ಅದರ ದತ್ತಾಂಶ ಕೇಂದ್ರಗಳ ನಡುವಿನ ಸಂಪರ್ಕಗಳನ್ನೆಲ್ಲ ಕಡಿದುಹಾಕಿತು. ಇಂತಹ ಅಪಾಯಕಾರಿ ಆಜ್ಞೆಯನ್ನು ತಡೆಯಲು ಕಾವಲಿನ ತಂತ್ರಾಂಶವೊಂದಿತ್ತು, ಅದರಲ್ಲಿಯೇ ದೋಷವಿತ್ತು. ಮುಂದಿನದು ಇನ್ನೂ ಸ್ವಾರಸ್ಯವಾದದ್ದು. ಹೆಸರು ಹೇಳಿದರೆ ವಿಳಾಸ ಕೊಡುವ, ದೂರವಾಣಿ ಡೈರೆಕ್ಟರಿಯಂತಹ ಸರ್ವರುಗಳಿಗೆ ಒಂದು ಸ್ವಯಂನಿಯಮವಿತ್ತು: ದತ್ತಾಂಶ ಕೇಂದ್ರ ಕೈಗೆ ಸಿಗದಿದ್ದರೆ ‘ನನ್ನ ಸಂಪರ್ಕ ಕೆಟ್ಟಿದೆ’ ಎಂದು ತಿಳಿದು, ಜನರಿಗೆ ತಪ್ಪು ದಾರಿ ತೋರಿಸದಂತೆ ತನ್ನನ್ನು ತಾನೇ ಹೊರಜಗತ್ತಿನಿಂದ ಮರೆಮಾಡಿಕೊಳ್ಳಬೇಕು. ಒಂದು ಸರ್ವರ್ ಕೆಟ್ಟಾಗ ಇದು ವಿವೇಕದ ನಿಯಮ. ಅಂದು ಎಲ್ಲ ಸರ್ವರುಗಳೂ ಏಕಕಾಲದಲ್ಲಿ ಹಾಗೆಯೇ ತಿಳಿದು, ಎಲ್ಲವೂ ಒಟ್ಟಿಗೆ ಮರೆಯಾದವು. ಇಡೀ ಫೇಸ್‌ಬುಕ್ ಅಂತರ್ಜಾಲದ ನಕ್ಷೆಯಿಂದಲೇ ಅಳಿಸಿಹೋಯಿತು. ದುರಸ್ತಿ ಮಾಡುವವರ ಉಪಕರಣಗಳೂ ಅದೇ ಜಾಲವನ್ನು ಅವಲಂಬಿಸಿದ್ದುದರಿಂದ ದೂರದಿಂದ ಏನೂ ಮಾಡಲಾಗದೆ ಜನರು ಖುದ್ದಾಗಿ ಕಟ್ಟಡಗಳಿಗೆ ಹೋಗಬೇಕಾಯಿತು. ಸೇವೆ ಮರಳುವಷ್ಟರಲ್ಲಿ ನಮ್ಮಲ್ಲಿ ಮರುದಿನದ ಬೆಳಗಿನ ಜಾವವಾಗಿತ್ತು.

ಈ ಎರಡೂ ಪ್ರಸಂಗಗಳಲ್ಲಿ ಯಂತ್ರದ ಯಾವ ಭಾಗವೂ ನಿಯಮ ಮುರಿದಿರಲಿಲ್ಲ. ಪ್ರತಿಯೊಂದೂ ತನ್ನ ಕಣ್ಣಿಗೆ ಕಂಡಷ್ಟರಲ್ಲಿ ಸರಿಯಾಗಿಯೇ ನಡೆದುಕೊಂಡಿತು. ಟೊಯೋಡಾನ ಮಗ್ಗಕ್ಕೂ ಇವುಗಳಿಗೂ ಇರುವ ಅಂತರ ನನಗೆ ಕಾಣುವುದು ಇಲ್ಲಿಯೇ. ಆ ಮಗ್ಗ ಸಂದೇಹ ಬಂದರೆ ನಿಲ್ಲುತ್ತಿತ್ತು. ಇವು ಸಂದೇಹವೇ ಇಲ್ಲದೆ ಮುಂದುವರಿದವು.

ಈ ವಿಷಯಗಳನ್ನು ಮಾತನಾಡುತ್ತಿದ್ದಾಗ ಮಕ್ತಲದ ಕಡೆಯ ಪಾಲಕರೊಬ್ಬರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ತಲೆಬರಹವಾಗಿದೆ. “ವಕೀಲ ಸಾಹೇಬ್ರ, ಯಂತ್ರಾನ ಎಲ್ಲಾ ನೋಡ್ಕೋತದಂದ್ರ, ನಾವು ಹೋಗಿ ಯಾರ ಮುಂದ ಹೇಳಬೇಕ್ರೀ?” ಇದು ತಂತ್ರಜ್ಞಾನದ ಪ್ರಶ್ನೆಯಲ್ಲ, ನನ್ನ ಕಸುಬಿನ ಪ್ರಶ್ನೆ. ಆದುದರಿಂದ ಕಾನೂನು ಏನು ಹೇಳುತ್ತದೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, ‘ಅದು ಸಿಸ್ಟಮ್ ಮಾಡಿದ್ದು, ನಾವು ಮಾಡಿದ್ದಲ್ಲ’ ಎಂಬ ಉತ್ತರಕ್ಕೆ ಕಾನೂನಿನ ಆಸರೆಯಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 11ನೆಯ ಕಲಮು ಇಲೆಕ್ಟ್ರಾನಿಕ್ ದಾಖಲೆಯೊಂದನ್ನು ಯಾರದೆಂದು ಪರಿಗಣಿಸಬೇಕೆಂಬುದನ್ನು ಹೇಳುತ್ತದೆ. ಕಳುಹಿಸುವವನು ತಾನೇ ಕಳುಹಿಸಿದ್ದು ಅವನದು, ಅವನ ಪರವಾಗಿ ಅಧಿಕಾರವುಳ್ಳವನು ಕಳುಹಿಸಿದ್ದೂ ಅವನದು. ಅಷ್ಟೇ ಅಲ್ಲ, ಸ್ವಯಂಚಾಲಿತವಾಗಿ ನಡೆಯುವಂತೆ ಅವನು ಅಥವಾ ಅವನ ಪರವಾಗಿ ಬೇರೆಯವರು ಏರ್ಪಡಿಸಿದ ಗಣಕ ವ್ಯವಸ್ಥೆಯು ಕಳುಹಿಸಿದ್ದೂ ಅವನದೇ. ಇಪ್ಪತ್ತೈದು ವರ್ಷಗಳ ಹಿಂದೆಯೇ ನಮ್ಮ ಸಂಸತ್ತು ಯಂತ್ರದ ಮಾತನ್ನು ಯಂತ್ರದ ಒಡೆಯನ ಮಾತೆಂದು ತೀರ್ಮಾನಿಸಿದೆ. ತಮ್ಮ ಅರ್ಜಿ ತಿರಸ್ಕೃತವಾಗಿದೆಯೆಂದು ಮೊಬೈಲಿಗೆ ಬಂದ ಸಂದೇಶವನ್ನು ಯಾವ ಮನುಷ್ಯನೂ ಓದಿ ಕಳುಹಿಸಿರಲಿಕ್ಕಿಲ್ಲ. ಆದರೂ ಅದು ಆ ಇಲಾಖೆಯ ಮಾತು. ಆದುದರಿಂದ ಆ ಸಂದೇಶವನ್ನು ಅಳಿಸಬೇಡಿ.

ಎರಡನೆಯದು ಸಾಕ್ಷ್ಯದ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ, ಗಣಕಯಂತ್ರದ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ಪ್ರಮಾಣಪತ್ರವೊಂದನ್ನು ಕೊಡಬೇಕು. ಆ ಕಾಲದಲ್ಲಿ ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿತ್ತು, ಅಥವಾ ಕೆಟ್ಟಿದ್ದರೂ ಆ ಕೆಡುಕು ದಾಖಲೆಯನ್ನು ತಟ್ಟುವಂತಹದಾಗಿರಲಿಲ್ಲ ಎಂಬ ಷರತ್ತು ಅದಕ್ಕಿದೆ. ಯಂತ್ರದ ಉಸ್ತುವಾರಿ ಹೊತ್ತವರೂ ತಜ್ಞರೂ ಸಹಿ ಮಾಡಬೇಕು. ಹಳೆಯ ಕಾನೂನಿನ 65ಬಿ ಕಲಮಿನಡಿ ಇಂತಹ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2020ರ ಜುಲೈನಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ಈಗ ಯೋಚಿಸಿ: ರಾತ್ರಿ ಎರಡು ಗಂಟೆಗೆ ತಾನೇ ಕೆಟ್ಟು, ತಾನೇ ತಿದ್ದಿಕೊಂಡು, ಎರಡು ಗಂಟೆ ಒಂದು ನಿಮಿಷಕ್ಕೆ ಏನೂ ಆಗದಂತೆ ನಿಂತ ಯಂತ್ರದ ಬಗ್ಗೆ ‘ಅದು ಸರಿಯಾಗಿತ್ತು’ ಎಂದು ಸಹಿ ಮಾಡುವವರು ಯಾವ ಆಧಾರದ ಮೇಲೆ ಮಾಡುತ್ತಾರೆ? ಯಂತ್ರ ತನ್ನ ದಿನಚರಿಯನ್ನು ಬರೆದಿಟ್ಟಿದ್ದರೆ ಮಾತ್ರ ಅದು ಸಾಧ್ಯ. ಇಂತಹ ದಿನಚರಿಯನ್ನು, ಅಂದರೆ ಲಾಗನ್ನು, 180 ದಿನ ಕಾಯ್ದಿಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. ಆರು ತಿಂಗಳೆಂದರೆ ನಮ್ಮ ನ್ಯಾಯಾಲಯಗಳಲ್ಲಿ ಎಷ್ಟು ವಾಯಿದೆಗಳೆಂಬುದು ತಮಗೂ ಗೊತ್ತು. ಆದುದರಿಂದ ದೂರು ಕೊಡುವುದಾದರೆ ಬೇಗನೆ ಕೊಡಬೇಕು, ಮತ್ತು ಆ ದಿನದ ಲಾಗನ್ನು ಅಳಿಸದಂತೆ ಕಾಯ್ದಿಡಿ ಎಂದು ಅದರಲ್ಲಿಯೇ ಲಿಖಿತವಾಗಿ ಕೇಳಬೇಕು.

ಇದು ಕಲ್ಪನೆಯ ಅಪಾಯವಲ್ಲ. ತೆಲಂಗಾಣದಲ್ಲಿಯೇ ಗಣಕದ ಮಾನದಂಡಗಳ ಮೇಲೆ ಹೊಂದಿಸಿ ನೋಡಿ ರದ್ದುಮಾಡಿದ ಆಹಾರ ಭದ್ರತಾ ಕಾರ್ಡುಗಳ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಸುಮಾರು 19 ಲಕ್ಷ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮತ್ತೆ ಪರಿಶೀಲಿಸಬೇಕೆಂದು 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯ ರಾಜ್ಯಕ್ಕೆ ಆದೇಶಿಸಿತು. ಬೇರೆ ಬೇರೆ ಇಲಾಖೆಗಳ ದಾಖಲೆಗಳಲ್ಲಿನ ಹೆಸರುಗಳನ್ನು ಯಂತ್ರವು ತಾಳೆ ನೋಡುವಾಗ ಒಬ್ಬನನ್ನು ಇನ್ನೊಬ್ಬನೆಂದು ತಿಳಿಯುವುದುಂಟು. ಹಾಗೆ ರಿಕ್ಷಾ ತುಳಿಯುವವನೊಬ್ಬ ಕಾರಿನ ಒಡೆಯನೆನಿಸಿ ರೇಷನ್ ಕಳೆದುಕೊಂಡದ್ದು ಪತ್ರಿಕೆಗಳಲ್ಲಿ ವರದಿಯಾಗಿದೆ.

ಹೆಸರುಗಳ ವಿಷಯದಲ್ಲಿ ನಮ್ಮಷ್ಟು ಸಂಕಟದಲ್ಲಿರುವವರು ವಿರಳ. ನಮ್ಮ ಮಗುವಿನ ಹೆಸರು ಶಾಲೆಯ ಹಾಜರಿಪುಸ್ತಕದಲ್ಲಿ ಕನ್ನಡದಲ್ಲಿರುತ್ತದೆ, ಕಂದಾಯದ ದಾಖಲೆಯಲ್ಲಿ ತೆಲುಗಿನಲ್ಲಿ, ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ, ಅಜ್ಜನ ಹಳೆಯ ಪಹಣಿಯಲ್ಲಿ ಉರ್ದುವಿನಲ್ಲಿ. ಶರಣಪ್ಪ ಒಂದು ಕಡೆ ಶರ್ಣಪ್ಪ, ಇನ್ನೊಂದು ಕಡೆ ಸರಣಪ್ಪ. ಊರಿನವರಿಗೆ ಮೂವರೂ ಒಬ್ಬನೇ, ಯಂತ್ರಕ್ಕೆ ಮೂವರು. ಗಣಕಗಳ ಜಾಗತಿಕ ಅಕ್ಷರಕೋಶವಾದ ಯೂನಿಕೋಡಿನಲ್ಲಿ ತೆಲುಗಿಗೂ ಕನ್ನಡಕ್ಕೂ ತಲಾ 128 ಸ್ಥಾನಗಳ ಮನೆಗಳಿವೆ, ಅವು ಒಂದರ ಪಕ್ಕದಲ್ಲಿ ಒಂದಿವೆ. ಎರಡೂ ಮನೆಗಳ ರಕಾರವನ್ನು ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ, ಯಂತ್ರಕ್ಕೆ ಮಾತ್ರ ಅವು ಸಂಬಂಧವೇ ಇಲ್ಲದ ಎರಡು ಸಂಖ್ಯೆಗಳು. ಇದರ ಮೇಲೆ ಜಿಲ್ಲೆಗಳೂ ಬದಲಾದವು. 2016ರ ಅಕ್ಟೋಬರ್‌ಗೆ ಮುಂಚೆ ಗದ್ವಾಲದಲ್ಲಿ, 2019ರ ಫೆಬ್ರವರಿಗೆ ಮುಂಚೆ ನಾರಾಯಣಪೇಟೆಯಲ್ಲಿ ಪಡೆದ ಪತ್ರಗಳಲ್ಲಿ ಜಿಲ್ಲೆ ಮಹಬೂಬ್‌ನಗರವೆಂದೇ ಇರುತ್ತದೆ. ಮಗು ಏಳನೆಯ ತರಗತಿ ಮುಗಿಸುವುದರೊಳಗೆ ಅದರ ಎಲ್ಲ ದಾಖಲೆಗಳಲ್ಲಿ ಹೆಸರು, ತಂದೆಯ ಹೆಸರು, ಜಿಲ್ಲೆ ಒಂದೇ ಬಗೆಯಾಗಿವೆಯೇ ಎಂದು ನೋಡಿ, ಇಲ್ಲದಿದ್ದರೆ ಈಗಲೇ ತಿದ್ದಿಸಿಕೊಳ್ಳಿ. ಹತ್ತನೆಯ ತರಗತಿಯ ಮೆಮೊ ಬಂದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಮಕ್ಕಳ ಭವಿಷ್ಯದ ಬಗ್ಗೆಯೂ ಒಂದು ಮಾತು. ಜಾಲವು ತನ್ನನ್ನು ತಾನೇ ನೋಡಿಕೊಂಡರೆ ಕಂಪ್ಯೂಟರ್ ಓದಿದವರಿಗೆ ಕೆಲಸವೆಲ್ಲಿ ಎಂದು ಕೆಲವರು ಕೇಳುತ್ತಾರೆ. ಪರದೆಯ ಮುಂದೆ ಕುಳಿತು ಕೆಂಪು ದೀಪ ಹೊತ್ತಿತೇ ಎಂದು ಕಾಯುವ ಕೆಲಸ ಕಡಿಮೆಯಾಗುವುದು ನಿಶ್ಚಯ. ಆದರೆ 2024ರ ಜುಲೈ 19ರಂದು ಒಂದು ಭದ್ರತಾ ತಂತ್ರಾಂಶದ ಸ್ವಯಂಚಾಲಿತ ಪರಿಷ್ಕರಣೆಯಿಂದ ಜಗತ್ತಿನ ಸುಮಾರು 85 ಲಕ್ಷ ಗಣಕಗಳು ಕೆಟ್ಟು, ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟಾಗ, ಅವುಗಳಲ್ಲಿ ಎಷ್ಟೋ ಯಂತ್ರಗಳನ್ನು ಒಬ್ಬೊಬ್ಬ ಮನುಷ್ಯ ಒಂದೊಂದರ ಮುಂದೆ ಕುಳಿತೇ ಸರಿಪಡಿಸಬೇಕಾಯಿತು. ಕೆಟ್ಟದ್ದು ಏಕೆ ಕೆಟ್ಟಿತೆಂದು ಬಲ್ಲವರು ಬೇಕು. ಅದಕ್ಕೆ ಗಣಿತ ಬೇಕು, ತರ್ಕ ಬೇಕು. ಇವೆರಡನ್ನೂ ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿ ಕಲಿಯಬಹುದು. ಮೇಲೆ ಹೇಳಿದ 8, 40, 44ರ ಲೆಕ್ಕವನ್ನು ಎಂಟನೆಯ ತರಗತಿಯ ಮಗುವಿನ ಕೈಯಲ್ಲಿ 64 ಗೆರೆಗಳ ಗಡಿಯಾರ ಬರೆಸಿ ಮಾಡಿಸಿ ನೋಡಿ.

ಇನ್ನು ಪಾಲಕರ ಪ್ರಶ್ನೆಗೆ ಉತ್ತರ. ಸಹಾಯವಾಣಿಗೆ ಫೋನು ಮಾಡಿದರೆ ಒಂದು ಧ್ವನಿ ‘ತೆಲುಗಿಗಾಗಿ ಒಂದು, ಹಿಂದಿಗಾಗಿ ಎರಡು, ಇಂಗ್ಲಿಷಿಗಾಗಿ ಮೂರು ಒತ್ತಿರಿ’ ಎನ್ನುತ್ತದೆ. ನಮಗಾಗಿ ಅಂಕಿಯಿಲ್ಲ. ಆದರೆ ಸಂವಿಧಾನದ 350ನೆಯ ಅನುಚ್ಛೇದವು, ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಥವಾ ಪ್ರಾಧಿಕಾರಕ್ಕೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಹಕ್ಕುಳ್ಳವನೆಂದು ಹೇಳುತ್ತದೆ. ಸರಕಾರವೇ ಕನ್ನಡ ಮಾಧ್ಯಮದ ಶಾಲೆ ನಡೆಸುತ್ತಿರುವಾಗ ಇಲ್ಲಿ ಕನ್ನಡ ಬಳಕೆಯಲ್ಲಿಲ್ಲವೆಂದು ಯಾರೂ ವಾದಿಸಲಾರರು. ಮಾಹಿತಿ ಹಕ್ಕಿನ ಅರ್ಜಿಯನ್ನು ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬೇಕೆಂದಿರುವುದರಿಂದ ಅದನ್ನು ತೆಲುಗಿನಲ್ಲಿಯೇ ಬರೆಸಿ. ದೂರನ್ನು ಕನ್ನಡದಲ್ಲಿ ಬರೆಯಿರಿ. ಅರ್ಜಿಯ ಸಂಖ್ಯೆ, ‘ಸರ್ವರ್ ಡೌನ್’ ಎಂದು ಹೇಳಿದ ದಿನಾಂಕ ಮತ್ತು ವೇಳೆ, ಮೊಬೈಲಿಗೆ ಬಂದ ಸಂದೇಶದ ಪಠ್ಯ ಇವಿಷ್ಟನ್ನು ನಮೂದಿಸಿ, ಮಂಡಲದ ತಹಶೀಲ್ದಾರರ ಕಚೇರಿಯಲ್ಲಾಗಲಿ ಜಿಲ್ಲಾ ಕಲೆಕ್ಟರರ ಕಚೇರಿಯ ಸೋಮವಾರದ ಪ್ರಜಾವಾಣಿಯಲ್ಲಾಗಲಿ ಮನುಷ್ಯರ ಕೈಗೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆಯ ಕೆಳಗೆ ದಿನಾಂಕವಿರುವಂತೆ ನೋಡಿಕೊಳ್ಳಿ. 180 ದಿನಗಳ ಲೆಕ್ಕ ಹಾಕುವಾಗ ಅದು ಬೇಕಾಗುತ್ತದೆ.